ಮೊದಲು ಯಾವ ಪ್ರಾಣಿಗೆ? ವೈದ್ಯರು ಬರುವವರೆಗಿನ ತುರ್ತು ಆರೈಕೆ ಮತ್ತು ಆದ್ಯತೆಯ ವಿಂಗಡಣೆ

ಹೋಬಳಿ ಕೇಂದ್ರವೊಂದರ ಪಶು ಆಸ್ಪತ್ರೆಯ ಅಂಗಳಕ್ಕೆ ಸಂಜೆಯ ಹೊತ್ತಿನಲ್ಲಿ ನಾಲ್ಕು ಪ್ರಾಣಿಗಳು ಒಟ್ಟಿಗೆ ಬಂದಿವೆ ಎಂದುಕೊಳ್ಳೋಣ. ಬೈಕಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡ ನಾಯಿಯೊಂದು ಊರಿಗೆಲ್ಲ ಕೇಳುವಂತೆ ಕಿರುಚುತ್ತಿದೆ. ಹಸಿ ಕುದುರೆಮಸಾಲೆ ಸೊಪ್ಪನ್ನು ಹೊಟ್ಟೆತುಂಬ ತಿಂದ ಹಸು ಎಡಹೊಟ್ಟೆ ಉಬ್ಬಿ, ಕತ್ತು ಮುಂದಕ್ಕೆ ಚಾಚಿ, ನಾಲಿಗೆ ಹೊರಗೆ ಹಾಕಿ ನಿಂತಿದೆ. ಬೀದಿನಾಯಿಗಳು ಕಚ್ಚಿದ ಆಡು ಗೋಣಿಚೀಲದ ಮೇಲೆ ಸದ್ದಿಲ್ಲದೆ ಮಲಗಿದೆ. ಎರಡು ದಿನಗಳಿಂದ ಭೇದಿಯಾಗುತ್ತಿರುವ ಕರು ಯಜಮಾನನ ಪಕ್ಕದಲ್ಲಿ ಜೋಲುಮೋರೆ ಹಾಕಿಕೊಂಡು ನಿಂತಿದೆ. ವೈದ್ಯರು ಪಕ್ಕದ ಹಳ್ಳಿಗೆ ಕಷ್ಟದ ಹೆರಿಗೆಗೆಂದು ಹೋಗಿದ್ದಾರೆ. ಅವರು ಬರಲು ಇನ್ನೂ ಅರ್ಧ ಗಂಟೆ ಬೇಕು. ಅಂಗಳದಲ್ಲಿರುವುದು ಒಬ್ಬ ಸಹಾಯಕ ಮಾತ್ರ.

ಕಿವಿಯ ಮಾತು ಕೇಳಿದರೆ ಎಲ್ಲರೂ ನಾಯಿಯ ಕಡೆಗೆ ಓಡುತ್ತಾರೆ. ಆದರೆ ಕಿರುಚುವ ಪ್ರಾಣಿಗೆ ಉಸಿರಿದೆ, ಮಿದುಳಿಗೆ ರಕ್ತ ಹೋಗುತ್ತಿದೆ, ನೋವನ್ನು ಅರಿಯುವಷ್ಟು ಎಚ್ಚರವೂ ಇದೆ. ಮೊದಲು ಮುಟ್ಟಬೇಕಾದದ್ದು ಹಸುವನ್ನು, ಏಕೆಂದರೆ ಉಬ್ಬಿದ ಹೊಟ್ಟೆ ಎದೆಯನ್ನು ಒತ್ತಿ ಉಸಿರನ್ನೇ ಕಟ್ಟುತ್ತಿದೆ. ಎರಡನೆಯದು ಸದ್ದಿಲ್ಲದೆ ಮಲಗಿದ ಆಡು. ಅದರ ಒಸಡು ಬಿಳಿಚಿಕೊಂಡಿದ್ದರೆ ಒಳಗೋ ಹೊರಗೋ ರಕ್ತ ಹರಿದುಹೋಗುತ್ತಿದೆ ಎಂದೇ ತಿಳಿಯಬೇಕು. ಮೂರನೆಯದು ನಾಯಿ, ನಾಲ್ಕನೆಯದು ಕರು. ಒಬ್ಬರ ಕೈಯಲ್ಲಿ ಆಗುವ ಕೆಲಸವನ್ನು ಹೀಗೆ ಪ್ರಾಣಾಪಾಯದ ಕ್ರಮದಲ್ಲಿ ಹಂಚುವುದಕ್ಕೆ ಆಸ್ಪತ್ರೆಗಳಲ್ಲಿ ಟ್ರಯಾಜ್ ಎನ್ನುತ್ತಾರೆ. ಈ ಲೇಖನವನ್ನು ಪಶು ಆಸ್ಪತ್ರೆಯ ಸಹಾಯಕರು, ಹೈನುಗಾರರು ಮತ್ತು ಮನೆಯಲ್ಲಿ ಪ್ರಾಣಿ ಸಾಕಿದವರು ವೈದ್ಯರು ಬರುವವರೆಗಿನ ಆ ಅರ್ಧ ಗಂಟೆಯನ್ನು ಸರಿಯಾಗಿ ಬಳಸಿಕೊಳ್ಳಲಿ ಎಂಬ ಕಾಳಜಿಯಿಂದ ಬರೆಯಲಾಗಿದೆ.

ಕರೆ ಮಾಡುವುದು ಮತ್ತು ನಮ್ಮ ಮಿತಿ

ಪ್ರಥಮ ಚಿಕಿತ್ಸೆಯ ಮೊದಲ ಹೆಜ್ಜೆ ದೂರವಾಣಿ ಕರೆ. ಕರ್ನಾಟಕದಲ್ಲಿ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಯನ್ನು ಕೋರಬಹುದು. ಹತ್ತಿರದ ಪಶು ಆಸ್ಪತ್ರೆಯ ವೈದ್ಯರ ಸಂಖ್ಯೆಯನ್ನು ಕೊಟ್ಟಿಗೆಯ ಬಾಗಿಲಿನ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಕತ್ತಲಲ್ಲಿ ಹುಡುಕುವ ಪಾಡು ತಪ್ಪುತ್ತದೆ. ಕರೆ ಮಾಡಿದಾಗ "ಹಸು ಹುಷಾರಿಲ್ಲ, ಬೇಗ ಬನ್ನಿ" ಎಂದಷ್ಟೇ ಹೇಳಿದರೆ ವೈದ್ಯರಿಗೆ ಯಾವ ಔಷಧಿ ತರಬೇಕೆಂಬುದು ತಿಳಿಯುವುದಿಲ್ಲ. ಪ್ರಾಣಿ ಯಾವುದು, ನಿಂತಿದೆಯೋ ಮಲಗಿದೆಯೋ, ಉಸಿರಾಟ ಹೇಗಿದೆ, ಯಾವಾಗಿನಿಂದ ಹೀಗಾಗಿದೆ, ಕೊನೆಯದಾಗಿ ಏನು ತಿಂದಿದೆ, ಗಬ್ಬವೋ ಅಥವಾ ಕರು ಹಾಕಿ ಎಷ್ಟು ದಿನವಾಯಿತು ಎಂಬಿಷ್ಟನ್ನು ಹೇಳಿದರೆ ವೈದ್ಯರು ಕ್ಯಾಲ್ಸಿಯಂ ಬಾಟಲಿಯನ್ನು ತರಬೇಕೋ, ಹೊಟ್ಟೆಗಿಳಿಸುವ ಕೊಳವೆಯನ್ನು ತರಬೇಕೋ ಎಂದು ಹೊರಡುವಾಗಲೇ ನಿರ್ಧರಿಸಬಹುದು.

ಸಹಾಯಕರು ತಮ್ಮ ಮಿತಿಯನ್ನೂ ತಿಳಿದಿರಬೇಕು. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ 30ನೇ ಕಲಮಿನಂತೆ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ತರಬೇತಿ ಪಡೆದ ಸಿಬ್ಬಂದಿ ರಾಜ್ಯ ಸರ್ಕಾರ ಸೂಚಿಸಿದ ಕಿರು ಸೇವೆಗಳನ್ನು ಅವರ ಮೇಲ್ವಿಚಾರಣೆಯಲ್ಲಿ ನೀಡಬಹುದು. ಇದು ಕೇವಲ ಕಾನೂನಿನ ಮಾತಾಗಿ ಉಳಿಯುವುದಿಲ್ಲ. ರಕ್ತನಾಳಕ್ಕೆ ಕ್ಯಾಲ್ಸಿಯಂ ವೇಗವಾಗಿ ಹರಿಸಿದರೆ ಬದುಕಬೇಕಾದ ಹಸುವಿನ ಹೃದಯ ಅಲ್ಲೇ ನಿಲ್ಲಬಹುದು. ಉಸಿರಿನ ದಾರಿ ತೆರೆದಿಡುವುದು, ರಕ್ತ ನಿಲ್ಲಿಸುವುದು, ದೇಹದ ಶಾಖ ಕಾಯುವುದು, ಸರಿಯಾದ ಭಂಗಿಯಲ್ಲಿ ಕೂರಿಸುವುದು, ಹಾನಿ ಮಾಡುತ್ತಿರುವ ವಸ್ತುವಿನಿಂದ ದೂರ ಒಯ್ಯುವುದು ಇವೇ ಪ್ರಥಮ ಚಿಕಿತ್ಸೆಯ ಕೆಲಸಗಳು. ಚುಚ್ಚುಮದ್ದು, ಗರ್ಭದೊಳಗೆ ಕೈ ಹಾಕುವುದು, ಹೊಲಿಗೆ ಮೊದಲಾದವು ವೈದ್ಯರ ಪಾಲಿನವು.

ಪ್ರಾಣಿಯನ್ನು ಮುಟ್ಟುವ ಮೊದಲು

ನೋವಿನಲ್ಲಿರುವ ಪ್ರಾಣಿ ತನ್ನ ಯಜಮಾನನನ್ನೂ ಕಚ್ಚುತ್ತದೆ, ಒದೆಯುತ್ತದೆ. ನಾಯಿಯ ಬಾಯಿಗೆ ಅಗಲವಾದ ಬಟ್ಟೆಪಟ್ಟಿಯನ್ನು ಮೂತಿಯ ಸುತ್ತ ಸುತ್ತಿ ಕಿವಿಯ ಹಿಂದೆ ಗಂಟು ಹಾಕಬೇಕು; ಆದರೆ ವಾಂತಿ ಮಾಡುತ್ತಿರುವ, ಉಸಿರಿಗೆ ಕಷ್ಟಪಡುತ್ತಿರುವ ಅಥವಾ ಬಿಸಿಲಿಗೆ ಬಳಲಿದ ನಾಯಿಗೆ ಹಾಗೆ ಕಟ್ಟಬಾರದು. ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ ಎತ್ತಬೇಕು. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಹಸು ಇದ್ದಕ್ಕಿದ್ದಂತೆ ಬಿದ್ದಿದ್ದರೆ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಹರಿದಿದೆಯೇ ಎಂದು ನೋಡಬೇಕು. 1912ಕ್ಕೆ ಕರೆ ಮಾಡಿ ವಿದ್ಯುತ್ ನಿಂತಿರುವುದು ಖಚಿತವಾಗುವವರೆಗೆ ಹತ್ತಿರ ಹೋಗಬಾರದು. ಹಸುವಿನ ಹಿಂದೆ ಓಡಿದವರೂ ಸಾಯುವುದು ಇಂಥ ಕಡೆಗಳಲ್ಲೇ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಹಸು ಜೊಲ್ಲು ಸುರಿಸುತ್ತಿದೆ, ಮೇವು ನುಂಗುತ್ತಿಲ್ಲ ಎಂದ ಕೂಡಲೇ ಗಂಟಲಿನಲ್ಲಿ ಮಾವಿನ ಓಟೆಯೋ ಗೆಣಸೋ ಸಿಕ್ಕಿಕೊಂಡಿರಬೇಕೆಂದು ಬರಿಗೈಯನ್ನು ಬಾಯೊಳಗೆ ಹಾಕುವ ರೂಢಿ ನಮ್ಮಲ್ಲಿದೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗ ಬಂದ ಹಸುವಿಗೂ ಇದೇ ಲಕ್ಷಣಗಳಿರುತ್ತವೆ. ಅಸಹಜವಾಗಿ ಮತ್ತೆ ಮತ್ತೆ ಕೂಗುವುದು, ಹಿಂಗಾಲು ಸೋಲುವುದು, ಕೆಲವು ವಾರ ಅಥವಾ ತಿಂಗಳುಗಳ ಹಿಂದೆ ನಾಯಿ ಕಚ್ಚಿದ್ದ ಸಂಗತಿ ಇವುಗಳಲ್ಲಿ ಒಂದಿದ್ದರೂ ಬಾಯಿಗೆ ಕೈ ಹಾಕದೆ ಪ್ರಾಣಿಯನ್ನು ಬೇರೆ ಕಟ್ಟಿ ವೈದ್ಯರಿಗೆ ತಿಳಿಸಬೇಕು. ಜೊಲ್ಲು ಗಾಯಕ್ಕೆ ತಗುಲಿದ್ದರೆ ಅಥವಾ ಪ್ರಾಣಿ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಆರಂಭಿಸಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರನ್ನು ಉಳಿಸುವ ಚಿಕಿತ್ಸೆ ಇಲ್ಲವೆಂಬುದರಿಂದ ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಹಾಗೆಯೇ ನಿನ್ನೆ ಸಂಜೆ ಚೆನ್ನಾಗಿದ್ದ ಹಸು ಬೆಳಿಗ್ಗೆ ಸತ್ತುಬಿದ್ದು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ನೆರಡಿ (ಆಂಥ್ರಾಕ್ಸ್) ರೋಗದ ಶಂಕೆಯಿಂದ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದರ ರೋಗಾಣುಗಳು ಗಾಳಿಗೆ ತೆರೆದುಕೊಂಡರೆ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವ ರೂಪ ತಾಳುತ್ತವೆ.

ಎರಡು ನಿಮಿಷದ ಪರೀಕ್ಷೆ

ಮೊದಲ ಅರ್ಧ ನಿಮಿಷ ದೂರದಿಂದಲೇ ನೋಡಬೇಕು, ಏಕೆಂದರೆ ಹತ್ತಿರ ಹೋದ ಕೂಡಲೇ ಗಾಬರಿಯಿಂದ ಪ್ರಾಣಿಯ ಉಸಿರೂ ನಾಡಿಯೂ ಏರುತ್ತವೆ. ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ, ಕತ್ತು ಚಾಚಿದೆಯೇ, ಬಾಯಿ ತೆರೆದಿದೆಯೇ, ನಾಲ್ಕೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟಿದೆಯೇ, ಸುತ್ತಲಿನ ಸದ್ದಿಗೆ ಕಿವಿ ತಿರುಗಿಸುತ್ತದೆಯೇ ಎಂಬುದೆಲ್ಲ ಇಷ್ಟರಲ್ಲೇ ತಿಳಿಯುತ್ತದೆ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಬೇರೆ ಯಾವ ಲಕ್ಷಣಕ್ಕೂ ಕಾಯದೆ ಅದನ್ನು ಸಾಲಿನ ಮೊದಲಿಗೆ ತರಬೇಕು. ನಾಯಿ ತೇಕುವುದು ಸಹಜ, ಬೆಕ್ಕು ತೇಕುವುದು ಬಹುತೇಕ ಯಾವಾಗಲೂ ಸಂಕಟದ ಗುರುತು.

ಬಳಿಕ ಒಸಡು ಅಥವಾ ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ನೋಡಬೇಕು. ತಿಳಿಗುಲಾಬಿ ಬಣ್ಣ ಸಹಜ. ಬಿಳಿಚಿದ್ದರೆ ರಕ್ತಸ್ರಾವ, ಆಘಾತ (ರಕ್ತ ಸಂಚಾರ ಕುಸಿಯುವ ಶಾಕ್ ಸ್ಥಿತಿ) ಅಥವಾ ತೀವ್ರ ರಕ್ತಹೀನತೆ. ನೀಲಿಯಾಗಿದ್ದರೆ ಉಸಿರಿನ ಕೊರತೆ. ಇಟ್ಟಿಗೆಗೆಂಪಾಗಿದ್ದರೆ ಬಿಸಿಲ ಹೊಡೆತ ಅಥವಾ ರಕ್ತದಲ್ಲಿ ನಂಜು. ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೇಟ್‌ನಂಥ ವಿಷ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾದ ಜಾಗಕ್ಕೆ 2 ಸೆಕೆಂಡುಗಳೊಳಗೆ ಬಣ್ಣ ಮರಳಬೇಕು. ಅದಕ್ಕಿಂತ ತಡವಾದರೆ ರಕ್ತ ಸಂಚಾರ ಸೋಲುತ್ತಿದೆ. ಕಪ್ಪು ಒಸಡಿನ ನಾಯಿ ಮತ್ತು ಎಮ್ಮೆಗಳಲ್ಲಿ ಕಣ್ಣಿನ ಒಳರೆಪ್ಪೆಯನ್ನೋ ಯೋನಿಯ ಒಳಪೊರೆಯನ್ನೋ ನೋಡಬೇಕಾಗುತ್ತದೆ. ಯಾವ ಉಪಕರಣವೂ ಬೇಡದ ಈ ಪರೀಕ್ಷೆಯನ್ನು ಪ್ರತಿಯೊಬ್ಬ ಹೈನುಗಾರರೂ ತಮ್ಮ ಆರೋಗ್ಯವಂತ ಹಸುವಿನ ಮೇಲೆ ಹತ್ತು ಸಲ ಮಾಡಿ ಕಣ್ಣನ್ನು ಪಳಗಿಸಿಕೊಳ್ಳುವುದು ಒಳ್ಳೆಯದು. ಸಹಜ ಬಣ್ಣ ಗೊತ್ತಿಲ್ಲದವರಿಗೆ ಕೆಟ್ಟ ಬಣ್ಣ ಕಾಣುವುದಿಲ್ಲ.

ನಾಡಿಯನ್ನು ಹಸುವಿನಲ್ಲಿ ದವಡೆಯ ಮೂಳೆಯ ಕೆಳಅಂಚಿನಲ್ಲಿ ಅಥವಾ ಬಾಲದ ಬುಡದ ಒಳಮೈಯಲ್ಲಿ, ನಾಯಿ ಮತ್ತು ಆಡುಗಳಲ್ಲಿ ತೊಡೆಯ ಒಳಭಾಗದಲ್ಲಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ವಯಸ್ಕ ಹಸುವಿನಲ್ಲಿ ನಿಮಿಷಕ್ಕೆ ಸುಮಾರು 60ರಿಂದ 80, ಕುರಿ ಮತ್ತು ಆಡುಗಳಲ್ಲಿ 70ರಿಂದ 90, ನಾಯಿಯಲ್ಲಿ ಗಾತ್ರಕ್ಕೆ ತಕ್ಕಂತೆ 70ರಿಂದ 120 ಬಡಿತ ಸಹಜ. ಗುದದ್ವಾರದಲ್ಲಿ ಥರ್ಮಾಮೀಟರನ್ನು ಒಳಗೋಡೆಗೆ ತಾಗುವಂತೆ ಒಂದು ನಿಮಿಷ ಹಿಡಿದರೆ ಹಸುವಿಗೆ 101ರಿಂದ 102.5, ನಾಯಿಗೆ 100.5ರಿಂದ 102.5, ಆಡಿಗೆ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಹಸುವಿನ ಎಡಪಕ್ಕೆಯ ಹಿಂದಿನ ತಗ್ಗಿಗೆ ಮುಷ್ಟಿಯನ್ನು ಒತ್ತಿ ಹಿಡಿದರೆ ಮೆಲುಕು ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಉರುಳುವುದು ಕೈಗೆ ತಿಳಿಯುತ್ತದೆ. ಸಿಕ್ಕ ಅಂಕಿಗಳನ್ನು ಸಮಯದ ಸಮೇತ ಬರೆದುಕೊಳ್ಳಬೇಕು, ಏಕೆಂದರೆ ಒಂದು ಅಂಕಿಗಿಂತ ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದು ವೈದ್ಯರಿಗೆ ಹೆಚ್ಚು ಉಪಯುಕ್ತ.

ವಿಂಗಡಣೆ

ಉಸಿರು, ರಕ್ತ ಸಂಚಾರ, ಎಚ್ಚರ ಎಂಬ ಮೂರನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಯಾರಿಗೆ ಮೊದಲು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಮೂರರಲ್ಲಿ ಒಂದು ಕೆಟ್ಟಿದ್ದರೂ ಆ ಪ್ರಾಣಿಗೆ ಕೆಂಪು ಗುರುತು: ಉಸಿರುಗಟ್ಟುವಿಕೆ, ಚಿಮ್ಮುವ ರಕ್ತ, ಬಿಳಿಚಿದ ಒಸಡು, ನಿಲ್ಲದ ಸೆಳವು, ತೀವ್ರ ಹೊಟ್ಟೆಯುಬ್ಬರ, ಹೊರಬಂದ ಗರ್ಭಕೋಶ, ಉಚ್ಚೆ ಕಟ್ಟಿದ ಗಂಡು ಬೆಕ್ಕು, ವಾಂತಿಗೆ ಯತ್ನಿಸಿದರೂ ಏನೂ ಬಾರದೆ ಹೊಟ್ಟೆ ಊದಿಕೊಂಡ ದೊಡ್ಡ ತಳಿಯ ನಾಯಿ. ಮೂಳೆಮುರಿತ, ಒಂದು ಹಂತ ದಾಟದ ಭೇದಿ, ಕಣ್ಣಿನ ಗಾಯಗಳಿಗೆ ಹಳದಿ. ಹುಳು ಬಿದ್ದ ಹಳೆಯ ಗಾಯ ನೋಡಲು ಎಷ್ಟೇ ಭೀಕರವಾಗಿದ್ದರೂ, ಪ್ರಾಣಿ ನಿಂತು ಮೇಯುತ್ತಿದ್ದರೆ, ಅದು ಹಸಿರು, ಅದು ಕಾಯಬಲ್ಲದು. ಗುರುತನ್ನು ಒಮ್ಮೆ ಹಾಕಿದ ಮೇಲೆ ಮರೆಯುವಂತಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಂಗಳವನ್ನು ಸುತ್ತಬೇಕು, ಏಕೆಂದರೆ ಅಪಘಾತದ ನಾಯಿ ಕಿರುಚುವುದನ್ನು ನಿಲ್ಲಿಸಿದರೆ ನೋವು ಕಡಿಮೆಯಾಯಿತೆಂದೂ ಇರಬಹುದು, ಹೊಟ್ಟೆಯೊಳಗೆ ರಕ್ತ ತುಂಬಿತೆಂದೂ ಇರಬಹುದು.

ಮಂದೆಯಲ್ಲಿ ಹಲವು ಪ್ರಾಣಿಗಳಿಗೆ ಒಟ್ಟಿಗೆ ತೊಂದರೆಯಾದಾಗ ಈ ವಿಂಗಡಣೆಗೆ ಇನ್ನೊಂದು ಮುಖವಿದೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಹೊಲಕ್ಕೋ, ಕೊಯ್ದ ಕೂಳೆಯ ಚಿಗುರಿಗೋ ದನಗಳು ನುಗ್ಗಿದವೆಂದು ಭಾವಿಸಿ. ಎರಡು ಅಡಿಗಿಂತ ಕುಳ್ಳಗಿರುವ ಜೋಳದಲ್ಲಿ ಸಯನೈಡ್ ಹುಟ್ಟಿಸುವ ಅಂಶ ಹೆಚ್ಚು. ಮರಗೆಣಸಿನ ಹಸಿ ಎಲೆಯಲ್ಲೂ ಅದಿದೆ. ತಿಂದ ಕೆಲವೇ ನಿಮಿಷಗಳಲ್ಲಿ ದನ ಏದುಸಿರು ಬಿಟ್ಟು, ನಡುಗಿ, ಬೀಳುತ್ತದೆ; ಒಸಡು ಆರಂಭದಲ್ಲಿ ಹೊಳೆಯುವ ಕೆಂಪಾಗಿರುತ್ತದೆ. ಬಿದ್ದ ಹಸುವಿನ ಸುತ್ತ ಎಲ್ಲರೂ ನಿಂತರೆ ಇನ್ನೂ ಮೇಯುತ್ತಿರುವ ಐದು ಹಸುಗಳನ್ನೂ ಕಳೆದುಕೊಳ್ಳಬೇಕಾಗುತ್ತದೆ. ಒಬ್ಬರು ವೈದ್ಯರಿಗೆ ಕರೆ ಮಾಡುತ್ತಿರುವಂತೆಯೇ ಇನ್ನೊಬ್ಬರು ಉಳಿದ ದನಗಳನ್ನು ಓಡಿಸದೆ, ಗಾಬರಿಪಡಿಸದೆ ಹೊಲದಿಂದ ಹೊರಗೆ ನಡೆಸಿಕೊಂಡು ಬರಬೇಕು. ಸೋಡಿಯಂ ಥಯೋಸಲ್ಫೇಟ್‌ನಂಥ ಪ್ರತಿವಿಷ ವೈದ್ಯರ ಬಳಿ ಇರುತ್ತದೆ, ಮತ್ತು ಅದು ಬೇಗ ಸಿಕ್ಕಿದರೆ ಬಿದ್ದ ದನವೂ ಏಳಬಹುದು. ಆದ್ದರಿಂದ ಕರೆಯಲ್ಲಿ "ಎಳೆಜೋಳ ತಿಂದಿದೆ" ಎಂಬ ಮಾತು ತಪ್ಪದೆ ಬರಬೇಕು.

ರಕ್ತ

ದನದ ರಕ್ತ ನೋಡಿ ಹೆದರುವವರು ನಾಯಿಯ ರಕ್ತವನ್ನು ಕಡೆಗಣಿಸುವುದುಂಟು. 400 ಕಿಲೋ ತೂಕದ ಹಸುವಿನಲ್ಲಿ 20 ಲೀಟರಿಗೂ ಹೆಚ್ಚು ರಕ್ತವಿರುತ್ತದೆ. ಕೊಂಬು ಮುರಿದು ಒಂದು ಲೀಟರು ಹೋದರೂ ಅದು ತಡೆದುಕೊಳ್ಳುತ್ತದೆ. 10 ಕಿಲೋ ನಾಯಿಯಲ್ಲಿ ಇರುವುದು ಒಂದು ಲೀಟರಿಗಿಂತ ಕಡಿಮೆ. ಒಂದು ಲೋಟದಷ್ಟು ಹೋದರೆ ಅದು ಅಪಾಯದ ಅಂಚಿಗೆ ಬರುತ್ತದೆ. ಎರಡಕ್ಕೂ ಉಪಾಯ ಒಂದೇ: ಶುಭ್ರವಾದ ಹತ್ತಿಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಇಟ್ಟು, ಕೈಯಿಂದ ಬಲವಾಗಿ, ಎತ್ತಿ ನೋಡದೆ, ಕನಿಷ್ಠ 5 ನಿಮಿಷ ಒತ್ತಿ ಹಿಡಿಯುವುದು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಡಬೇಕು; ಕಿತ್ತರೆ ಆಗತಾನೇ ಕಟ್ಟಿದ ಹೆಪ್ಪು ಕಳಚಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕಾಫಿಪುಡಿ, ಸುಣ್ಣ, ಬೂದಿ, ಸಗಣಿ ಯಾವುದನ್ನೂ ಮೆತ್ತಬಾರದು. ಅವು ಗಾಯವನ್ನು ನಂಜಾಗಿಸಿ ಹೊಲಿಗೆಗೂ ಅಡ್ಡಿಯಾಗುತ್ತವೆ. ಒಳಹೊಕ್ಕ ಗೂಟ, ಕಬ್ಬಿಣದ ಸರಳುಗಳನ್ನು ಹೊರಗೆಳೆಯದೆ ಸುತ್ತ ಬಟ್ಟೆಯಿಟ್ಟು ಅಲುಗದಂತೆ ಮಾಡಬೇಕು.

ಆಘಾತಕ್ಕೊಳಗಾದ ಆಡು, ನಾಯಿಗಳ ಕಿವಿ ಮತ್ತು ಪಾದಗಳು ತಣ್ಣಗಿರುತ್ತವೆ. ಅವನ್ನು ಒಣ ಗೋಣಿ ಅಥವಾ ಕಂಬಳಿಯ ಮೇಲೆ ಮಲಗಿಸಿ ಮೇಲೂ ಹೊದಿಸಬೇಕು. ಎಚ್ಚರ ತಪ್ಪುತ್ತಿರುವ ಪ್ರಾಣಿಯ ಬಾಯಿಗೆ ನೀರು, ಹಾಲು, ಗ್ಲೂಕೋಸ್ ಏನನ್ನೂ ಹಾಕಬಾರದು. ಮುರಿದ ಕಾಲಿಗೆ ಬಿದಿರ ದಬ್ಬೆ ಕಟ್ಟುವುದಾದರೆ ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತಿರಬೇಕು. ತೊಡೆಯ ಮೂಳೆ ಮುರಿದಿದ್ದರೆ ದಬ್ಬೆ ಕಟ್ಟದೆ ಹಲಗೆಯ ಮೇಲೆ ಮಲಗಿಸಿ ಸಾಗಿಸುವುದೇ ಮೇಲು.

ಹೊಟ್ಟೆಯುಬ್ಬರ

ಹಸುವನ್ನು ಮೊದಲು ಇಳಿಜಾರಿನಲ್ಲಿ ಮುಂಗಾಲು ಮೇಲಕ್ಕೆ ಬರುವಂತೆ ನಿಲ್ಲಿಸಬೇಕು. ಸಮತಟ್ಟಾದ ಕೊಟ್ಟಿಗೆಯಲ್ಲಿ ಮಣ್ಣಿನ ದಿಬ್ಬವೋ ಹಲಗೆಯೋ ಸಾಕು. ಹೀಗೆ ನಿಂತಾಗ ಗಾಳಿ ಅನ್ನನಾಳದ ಬಾಯಿಯ ಕಡೆಗೆ ಸರಿದು ತೇಗಾಗಿ ಹೊರಬರಲು ಅನುಕೂಲವಾಗುತ್ತದೆ. ಬೆರಳು ದಪ್ಪದ ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡವಾಗಿ ಕೊಟ್ಟು ಎರಡೂ ತುದಿಗೆ ದಾರ ಬಿಗಿದು ಕೊಂಬಿನ ಹಿಂದೆ ಕಟ್ಟಿದರೆ ಹಸು ಅದನ್ನು ಅಗಿಯುತ್ತ ಜೊಲ್ಲು ನುಂಗುತ್ತದೆ. ತೇಗು ಬರಲು ಇದೂ ನೆರವಾಗುತ್ತದೆ. ಹೊಟ್ಟೆಯ ಎಡಭಾಗವನ್ನು ಅಂಗೈಯಿಂದ ಮೇಲ್ಮುಖವಾಗಿ ತಿಕ್ಕುತ್ತಿರಬೇಕು. ಮಲಗಲು ಬಿಡಬಾರದು.

ಕುದುರೆಮಸಾಲೆಯಂಥ ಎಳೆಯ ದ್ವಿದಳ ಮೇವು ತಿಂದು ಬಂದ ಉಬ್ಬರದಲ್ಲಿ ಗಾಳಿ ನೊರೆಯ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಅದು ತೇಗಿನಿಂದ ಹೊರಬರುವುದಿಲ್ಲ. ನೊರೆ ಒಡೆಯಲು ಅಡುಗೆಯ ಕಡಲೆಕಾಯಿ ಎಣ್ಣೆಯನ್ನು ವಯಸ್ಕ ಹಸುವಿಗೆ 250 ಮಿಲಿಯಿಂದ ಅರ್ಧ ಲೀಟರಿನವರೆಗೆ, ಆಡಿಗೆ ಸುಮಾರು 50 ಮಿಲಿ ಕುಡಿಸಬಹುದು. ಸೀಮೆಎಣ್ಣೆ, ಡೀಸೆಲ್‌ಗಳನ್ನು ಕುಡಿಸುವ ಪದ್ಧತಿಯನ್ನು ಬಿಡಲೇಬೇಕು. ಕುಡಿಸುವ ರೀತಿಯಲ್ಲಿ ಔಷಧಿಗಿಂತ ಹೆಚ್ಚಿನ ಎಚ್ಚರ ಬೇಕು: ಗೊಟ್ಟ ಅಥವಾ ಉದ್ದ ಕತ್ತಿನ ಬಾಟಲಿಯನ್ನು ಬಾಯಿಯ ಪಕ್ಕದಿಂದ ಇಟ್ಟು, ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇರದಂತೆ ಹಿಡಿದು, ನಾಲಿಗೆಯನ್ನು ಎಳೆದು ಹಿಡಿಯದೆ, ಗುಟುಕು ಗುಟುಕಾಗಿ ಕೊಡಬೇಕು. ಕೆಮ್ಮಿದರೆ ತಕ್ಷಣ ತಲೆಯನ್ನು ಬಿಡಬೇಕು. ತಲೆಯನ್ನು ಆಕಾಶಕ್ಕೆತ್ತಿ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಹೋಗಿ, ಉಬ್ಬರದಿಂದ ಬದುಕಿದ ಹಸು ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ಸಾಯಬಹುದು. ಬಿದ್ದಿರುವ ಅಥವಾ ನುಂಗಲಾರದ ಹಸುವಿಗೆ ಏನನ್ನೂ ಕುಡಿಸಬಾರದು. ಎಡಪಕ್ಕೆಗೆ ಟ್ರೋಕಾರ್ ಎಂಬ ಚೂಪಾದ ಉಪಕರಣವನ್ನು ಚುಚ್ಚಿ ಗಾಳಿ ಬಿಡುವುದು ಹಸು ಕುಸಿಯುವ ಹಂತದ ಕೊನೆಯ ಉಪಾಯ. ವೈದ್ಯರು ಮಾಡುವ ಆ ಕೆಲಸವನ್ನು ಮನೆಯ ಚಾಕುವಿನಿಂದ ಅನುಕರಿಸಬಾರದು.

ಕರು ಹಾಕುವಾಗ ಮತ್ತು ಹಾಕಿದ ಮೇಲೆ

ನೀರಿನ ಚೀಲ ಒಡೆದು ಒಂದೆರಡು ಗಂಟೆ ಕಳೆದರೂ ಕರುವಿನ ಎರಡು ಮುಂಗಾಲು ಮತ್ತು ಮೂತಿ ಕಾಣದಿದ್ದರೆ, ಅಥವಾ ಬಾಲ ಮಾತ್ರ, ಒಂದು ಕಾಲು ಮಾತ್ರ, ಕಾಲಿಲ್ಲದೆ ತಲೆ ಮಾತ್ರ ಬಂದಿದ್ದರೆ ಎಳೆಯದೆ ವೈದ್ಯರನ್ನು ಕರೆಸಬೇಕು. ಸರಿಯಾದ ಭಂಗಿಯಲ್ಲಿದ್ದ ಕರುವನ್ನೂ ಇಬ್ಬರಿಗಿಂತ ಹೆಚ್ಚು ಮಂದಿ ಹಗ್ಗ ಹಾಕಿ ಎಳೆಯಬಾರದು. ಹುಟ್ಟಿದ ಕರು ಅರ್ಧ, ಒಂದು ನಿಮಿಷದೊಳಗೆ ಉಸಿರಾಡದಿದ್ದರೆ ಮೂಗು ಬಾಯಿಗಳ ಲೋಳೆಯನ್ನು ಬೆರಳಿನಿಂದ ತೆಗೆದು, ಎದೆಯ ಮೇಲೆ ಕೂರಿಸಿ, ಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆಯನ್ನು ಕೆಣಕಿ, ಒಣ ಬಟ್ಟೆಯಿಂದ ಮೈಯನ್ನು ಜೋರಾಗಿ ಉಜ್ಜಬೇಕು. ಹಿಂಗಾಲು ಹಿಡಿದು ತಲೆಕೆಳಗಾಗಿ ತೂಗುಹಾಕಿದರೆ ಹೊಟ್ಟೆಯ ಭಾರ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುಪೊರೆಯ) ಮೇಲೆ ಬಿದ್ದು ಉಸಿರಾಟ ಇನ್ನೂ ಕಷ್ಟವಾಗುತ್ತದೆ.

ಗರ್ಭಕೋಶವೇ ಹೊರಬಂದಿದ್ದರೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಹಸುವನ್ನು ನಡೆಸಬಾರದು, ನಾಯಿ ಕಾಗೆಗಳು ಹತ್ತಿರ ಸುಳಿಯದಂತೆ ಒಬ್ಬರು ಕಾವಲಿರಬೇಕು. ಶುಭ್ರವಾದ ಹೊದಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗರ್ಭಕೋಶವನ್ನು ಅದರಲ್ಲಿ ಇಟ್ಟು, ಇಬ್ಬರು ಎರಡೂ ಬದಿಯಿಂದ ಯೋನಿಯ ಮಟ್ಟಕ್ಕೆ ಎತ್ತಿ ಹಿಡಿದರೆ ಊತ ಹೆಚ್ಚುವುದು ತಪ್ಪುತ್ತದೆ. ವೈದ್ಯರು ತಡವಾಗುವುದಾದರೆ ಅವರನ್ನು ಫೋನಿನಲ್ಲಿ ಕೇಳಿ ಮೇಲೆ ಸಕ್ಕರೆ ಉದುರಿಸಬಹುದು. ಅದು ನೀರನ್ನು ಹೀರಿ ಊತವನ್ನು ತಗ್ಗಿಸುತ್ತದೆ. ಅಂಟಿಕೊಂಡ ಕಸವನ್ನು (ಮಾಸನ್ನು) ಕೀಳುವುದು, ಅರಿಯದೆ ಒಳಕ್ಕೆ ತಳ್ಳುವುದು ಇವೆರಡೂ ರಕ್ತನಾಳ ಹರಿಯಲು ಕಾರಣವಾಗುತ್ತವೆ.

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು, ಮೂರನೆಯದೋ ನಾಲ್ಕನೆಯದೋ ಕರು ಹಾಕಿದ ಮೂರು ದಿನದೊಳಗೆ ನಿಲ್ಲಲಾರದೆ ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಕುಳಿತರೆ ಅದು ಬಹುತೇಕ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ, ಕಿವಿ ಮಂಜಿನಂತಿರುತ್ತದೆ, ಮೂತಿ ಒಣಗಿರುತ್ತದೆ. ಇದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದುದರ ಫಲ. ಈ ಹಸುವಿಗೆ ನುಂಗುವ ಶಕ್ತಿ ಕುಗ್ಗಿರುವುದರಿಂದ ಬಾಯಿಯಿಂದ ಏನನ್ನೂ ಕೊಡಬಾರದು. ಒಂದು ಪಕ್ಕಕ್ಕೆ ಪೂರ್ತಿ ಮಲಗಲು ಬಿಟ್ಟರೆ ಹೊಟ್ಟೆ ಉಬ್ಬಿ, ಮೆಲುಕಿನ ನೀರು ಗಂಟಲಿಗೆ ಬಂದು ಉಸಿರುಗಟ್ಟುತ್ತದೆ. ಆದ್ದರಿಂದ ಹುಲ್ಲು ತುಂಬಿದ ಚೀಲಗಳನ್ನು ಎರಡೂ ಬದಿಗೆ ಒತ್ತಾಗಿಟ್ಟು ಎದೆಯ ಮೇಲೆ ನೇರವಾಗಿ ಕೂರಿಸಬೇಕು, ಅಡಿಯಲ್ಲಿ ದಪ್ಪನೆಯ ಹುಲ್ಲು ಹಾಸಬೇಕು, ಮೇಲೆ ಗೋಣಿ ಹೊದಿಸಬೇಕು, ಎರಡು ಮೂರು ಗಂಟೆಗೊಮ್ಮೆ ಅಡಿಗೆ ಸಿಕ್ಕ ಕಾಲನ್ನು ಬದಲಿಸಬೇಕು. ಕೋಲಿನಿಂದ ಹೊಡೆದು, ಬಾಲ ತಿರುಚಿ ಏಳಿಸಲು ಹೋಗುವುದು ಕ್ರೌರ್ಯವೂ ಹೌದು, ವ್ಯರ್ಥವೂ ಹೌದು. ವೈದ್ಯರು ನಿಧಾನವಾಗಿ ಕ್ಯಾಲ್ಸಿಯಂ ಹರಿಸಿದ ಮೇಲೆ ಅದೇ ಹಸು ತೇಗಿ, ಸಗಣಿ ಹಾಕಿ, ಎದ್ದು ನಿಲ್ಲುವುದನ್ನು ನೋಡಿದವರಿಗೆ ತಾಳ್ಮೆಯ ಬೆಲೆ ತಿಳಿಯುತ್ತದೆ.

ವಿಷ ಮತ್ತು ಹಾವು

ಕೀಟನಾಶಕ ಸಿಂಪಡಿಸಿದ ಮೇವು ತಿಂದ ಅಥವಾ ಉಣ್ಣಿ ಹೋಗಲೆಂದು ಮೈಗೆ ಬೆಳೆಯ ಔಷಧಿ ಸವರಿಸಿಕೊಂಡ ಪ್ರಾಣಿಗೆ ಜೊಲ್ಲು, ಕಣ್ಣೀರು, ಭೇದಿ, ನಡುಕ ಒಟ್ಟಿಗೆ ಬಂದು ಕಣ್ಣಿನ ಪಾಪೆ ಕಿರಿದಾಗುತ್ತದೆ. ಮೈಗೆ ಹಚ್ಚಿದ್ದರೆ ಕೈಗವಸು ಹಾಕಿಕೊಂಡು ಸೋಪು ನೀರಿನಿಂದ ಹಲವು ಸಲ ತೊಳೆಯಬೇಕು. ಔಷಧಿಯ ಡಬ್ಬಿಯನ್ನು, ಖಾಲಿಯಾಗಿದ್ದರೂ, ವೈದ್ಯರಿಗೆ ತೋರಿಸಬೇಕು. ಪ್ರತಿವಿಷವಾದ ಅಟ್ರೋಪಿನ್ ಬೇಕೇ, ಎಷ್ಟು ಬೇಕು ಎಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ. ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕಾರಿ. ಆಸಿಡ್ ಅಥವಾ ಸೀಮೆಎಣ್ಣೆ ಕುಡಿದಿದ್ದರೆ ವಾಂತಿಯೇ ಎರಡನೆಯ ಬಾರಿ ಸುಡುತ್ತದೆ. ಹಲವು ಬಗೆಯ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು. ಅವುಗಳ ಲಕ್ಷಣ ಮೂರರಿಂದ ಐದು ದಿನ ಕಳೆದು ತೋರುತ್ತದೆ, ಆದ್ದರಿಂದ ನಾಯಿ ಚೆನ್ನಾಗಿಯೇ ಇದೆ ಎಂದು ಕಾಯಬಾರದು. ಬೆಕ್ಕಿಗೆ ಮನೆಯ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಬಾರದು, ಒಂದೇ ಮಾತ್ರೆಯೂ ಅದನ್ನು ಕೊಲ್ಲಬಲ್ಲದು.

ಹಾವು ಕಚ್ಚಿದ ದನಗಳಲ್ಲಿ ಗಾಯ ಅನೇಕ ವೇಳೆ ಮೂತಿಯಲ್ಲೋ ಕಾಲಿನಲ್ಲೋ ಇರುತ್ತದೆ. ಮೂತಿ ಊದಲು ಆರಂಭಿಸಿದರೆ ಮೊದಲು ಮೂಗುದಾರ ಮತ್ತು ಮುಖದ ಹಗ್ಗವನ್ನು ಕತ್ತರಿಸಿ ತೆಗೆಯಬೇಕು. ಊತ ಹೆಚ್ಚಿದ ಮೇಲೆ ಅವೇ ಉಸಿರನ್ನು ಬಿಗಿಯುತ್ತವೆ. ಗಾಯವನ್ನು ಕೊಯ್ಯುವುದು, ಹೀರುವುದು, ಸುಡುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಪ್ರಾಣಿಯನ್ನು ನಡೆಸದೆ ನಿಶ್ಚಲವಾಗಿಟ್ಟು ಸಾಗಿಸಬೇಕು. ಭಾರತದಲ್ಲಿ ದೊರೆಯುವ ಬಹುವಿಷ ನಿರೋಧಕ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುವುದರಿಂದ ಹಾವನ್ನು ಹುಡುಕಿ ಕೊಂದು ತರುವ ಸಾಹಸ ಅನಗತ್ಯ.

ಬಿಸಿಲ ಹೊಡೆತ ಮತ್ತು ನಿಂತ ಹೃದಯ

ಬಾಗಿಲು ಮುಚ್ಚಿದ ಕಾರಿನಲ್ಲಿ ಅಥವಾ ತಗಡಿನ ಸೂರಿನಡಿ ಉಳಿದ ನಾಯಿ, ವಿಶೇಷವಾಗಿ ಪಗ್‌ನಂಥ ಚಪ್ಪಟೆ ಮೂತಿಯದು, ವಿಪರೀತ ತೇಕಿ ತೂರಾಡುತ್ತಿದ್ದು ಮೈಶಾಖ 104 ಡಿಗ್ರಿ ದಾಟಿದ್ದರೆ ಮೊದಲು ತಂಪು ಮಾಡಿ ಆಮೇಲೆ ಸಾಗಿಸಬೇಕು. ನೆರಳಿಗೆ ತಂದು, ಮೈಪೂರ್ತಿ ನಲ್ಲಿಯ ನೀರು ಸುರಿದು, ಫ್ಯಾನು ಹಾಕಬೇಕು ಅಥವಾ ಬೀಸಬೇಕು. ಒದ್ದೆ ಟವೆಲನ್ನು ಹೊದಿಸಿ ಬಿಟ್ಟರೆ ಅದು ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. 103 ಡಿಗ್ರಿಗೆ ಇಳಿದ ಕೂಡಲೇ ನೀರು ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು. ನಾಯಿ ಚೇತರಿಸಿಕೊಂಡಂತೆ ಕಂಡರೂ ಮೂತ್ರಪಿಂಡ ಮತ್ತು ಕರುಳಿನ ಹಾನಿ ಮರುದಿನ ತಲೆಯೆತ್ತುವುದುಂಟು.

ನಾಯಿ, ಬೆಕ್ಕುಗಳ ಉಸಿರು ನಿಂತು, ಕರೆದರೂ ಕೆಣಕಿದರೂ ಪ್ರತಿಕ್ರಿಯೆ ಇಲ್ಲದಿದ್ದರೆ ನಾಡಿ ಹುಡುಕುತ್ತ ಕಾಲ ಕಳೆಯದೆ ಪಕ್ಕಕ್ಕೆ ಮಲಗಿಸಿ, ಎದೆಯ ಅಗಲದ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಒಳಹೋಗುವಂತೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ರೇಬೀಸ್ ಅಥವಾ ವಿಷದ ಶಂಕೆ ಇಲ್ಲದಿದ್ದರೆ 30 ಒತ್ತುಗಳಿಗೊಮ್ಮೆ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ ಎರಡು ಸಲ ಊದಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಾಣಿಗಳಲ್ಲಿ ಬದುಕುವವು ಬಹಳ ಕಡಿಮೆ ಎಂಬುದನ್ನು ಯಜಮಾನರಿಗೆ ಮೆಲ್ಲಗೆ ಹೇಳುವುದೂ ಆರೈಕೆಯ ಭಾಗವೇ.

ಒಪ್ಪಿಸುವ ಚೀಟಿ

ಇಷ್ಟೆಲ್ಲ ಮಾಡಿದ ಮೇಲೆ ವೈದ್ಯರ ಕೈಗೆ ಪ್ರಾಣಿಯ ಜೊತೆ ಒಂದು ಚೀಟಿಯೂ ಸೇರಬೇಕು. ತೊಂದರೆ ಕಂಡ ಸಮಯ, ಉಸಿರು, ನಾಡಿ, ಶಾಖ ಮತ್ತು ಒಸಡಿನ ಬಣ್ಣ, ಅವನ್ನು ನೋಡಿದ ಗಳಿಗೆ, ಬಾಯಿಯಿಂದ ಏನನ್ನು ಎಷ್ಟು ಕೊಟ್ಟಿದೆ, ಕರು ಹಾಕಿದ ತಾರೀಖು, ಹಿಂದೆ ಯಾರಾದರೂ ಚುಚ್ಚುಮದ್ದು ಹಾಕಿದ್ದರೆ ಅದರ ಹೆಸರು ಇವಿಷ್ಟನ್ನು ಬರೆಯಲು ಅರ್ಧ ಹಾಳೆ ಸಾಕು. ಮನೆಯ ನಾಟಿ ಔಷಧಿ ಕೊಟ್ಟಿದ್ದನ್ನು ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಡುವವರು ಅನೇಕರಿದ್ದಾರೆ. ಸಹಾಯಕರು ಅದನ್ನು ಬೈಯದೆ ಕೇಳಿದರೆ ಮಾತ್ರ ಹೊರಬರುತ್ತದೆ, ಆ ಒಂದು ಸಂಗತಿಯಿಂದ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು. ಪ್ರಾಣಿಯನ್ನು ವಾಹನದಲ್ಲಿ ದೂರದ ಆಸ್ಪತ್ರೆಗೆ ಕಳಿಸುವುದಾದರೆ ಜೊತೆಗೆ ಹೋಗುವವರು ದಾರಿಯಲ್ಲಿ ಬದಲಾಗಬಹುದಾದ್ದರಿಂದ ಚೀಟಿಯನ್ನು ಯಾರ ಜೇಬಿಗೂ ಹಾಕದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊರಳಿನ ಹಗ್ಗಕ್ಕೆ ಕಟ್ಟಿ ಕಳಿಸಬೇಕು; ಮುಖ ಅಥವಾ ಕುತ್ತಿಗೆ ಊದಿದ ಪ್ರಾಣಿಯಾಗಿದ್ದರೆ ವಾಹನದ ಚಾಲಕರ ಕೈಗೆ ಕೊಟ್ಟು, ಅದನ್ನು ಯಾರಿಗೆ ತಲುಪಿಸಬೇಕೆಂದು ಹೇಳಿ ಕಳಿಸಬೇಕು.